ಡಿಕಾಕ್ಷನ್ ನಿಮ್ದು, ಹಾಲು ನಮ್ದು
ಕಾಫಿ ಹೊತ್ತು ಬರುವ ಸೈಕಲ್ ಸವಾರರಿಗೊಂದು ಬಹಿರಂಗ ಪತ್ರ

ಬೇವೂರು, ತಾ. ಜಿ. ಬಾಗಲಕೋಟೆ

ಕಾಫಿ ಪ್ರಿಯ ಸೈಕಲ್ ಗೆಳೆಯರೇ,

ಹಿಂಗಾರಿ ಜೋಳ ಮೊಣಕಾಲುದ್ದ ಆಗುವ ಹೊತ್ತಿಗೆ ನಮ್ಮ ಸೀಮೆಯ ರಸ್ತೆಗಳ ಮೇಲೆ ನೀವು ಕಾಣಿಸಿಕೊಳ್ಳುತ್ತೀರಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಲ್ಲಿಂದ ಅಮೀನಗಡ, ಹುನಗುಂದ, ಕೂಡಲಸಂಗಮ, ಇಳಕಲ್ಲ ಎಂದು ಎರಡು ಮೂರು ದಿನ ತಿರುಗುತ್ತೀರಿ. ನಿಮ್ಮಲ್ಲಿ ಬಹಳ ಮಂದಿಯ ಸೈಕಲ್ಲಿನಲ್ಲಿ ಎರಡು ಬಾಟಲಿಗಳಿರುತ್ತವೆ. ಒಂದರಲ್ಲಿ ನೀರು. ಇನ್ನೊಂದು ಸ್ಟೀಲ್ ಫ್ಲಾಸ್ಕು, ಅದರಲ್ಲಿ ಹಾಲು ಸಕ್ಕರೆ ಬೆರೆಸಿದ ಕಾಫಿ. ಆ ಎರಡನೆಯ ಬಾಟಲಿಯ ವಿಷಯಕ್ಕೆ ಈ ಪತ್ರ. ಕಾಫಿ ಬಿಡಿ ಎಂದು ಹೇಳಲು ಬರೆಯುತ್ತಿಲ್ಲ. ಕುಡಿಯಲು ಸಿದ್ಧವಾದ ಕಾಫಿಯನ್ನು ಹೊತ್ತು ತರಬೇಡಿ, ಡಿಕಾಕ್ಷನ್ ಅಷ್ಟೇ ತನ್ನಿ, ಹಾಲನ್ನೂ ಬೆಂಕಿಯನ್ನೂ ದಾರಿಯ ಚಹಾದಂಗಡಿಗೆ ಬಿಡಿ ಎನ್ನುವುದಿಷ್ಟೇ ನನ್ನ ವಾದ. ಇದರಲ್ಲಿ ನಿಮ್ಮ ಹೊಟ್ಟೆಗೂ ನಾಲಗೆಗೂ ಲಾಭವಿದೆ, ನಮ್ಮ ಅಂಗಡಿಯವರಿಗೂ ನಾಲ್ಕು ಕಾಸು ಸಿಗುತ್ತದೆ.

ಮೊದಲು ಒಂದು ತಕರಾರಿಗೆ ಉತ್ತರ ಹೇಳಬೇಕು. ಚಹಾದ ಸೀಮೆಗೆ ಬಂದು ಕಾಫಿಯೇ ಬೇಕು ಅನ್ನುವುದು ಸೊಕ್ಕಲ್ಲವೇ ಎಂದು ಇಲ್ಲಿಯವರು ನಗುತ್ತಾರೆ. ನಗಲಿ, ಆದರೆ ಅದರಲ್ಲಿ ಸೊಕ್ಕೇನಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳೆಲ್ಲ ಹಳೆಯ ವಿಜಾಪುರ ಜಿಲ್ಲೆಯಲ್ಲಿದ್ದು 1956ರ ನವೆಂಬರ್ ತನಕ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಪೇಟೆ, ಪಗಾರ, ಕೋರ್ಟು ಎಲ್ಲಕ್ಕೂ ನಮ್ಮ ಹಿರಿಯರು ನೋಡುತ್ತಿದ್ದದ್ದು ಪುಣೆ, ಮುಂಬಯಿ ಕಡೆಗೆ. ಅತ್ತ ಕುಡಿಯುತ್ತಿದ್ದದ್ದು ಚಹಾ. ಹಳೆಯ ಮೈಸೂರು, ಕೊಡಗು, ಮದರಾಸಿನ ಕಡೆ ಕಾಫಿ. ರಾಜ್ಯ ಒಂದಾಗಿ ಏಳು ದಶಕವಾಗುತ್ತ ಬಂದರೂ ಲೋಟದೊಳಗಿನ ಗಡಿ ಪೂರ್ತಿ ಅಳಿಸಿಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದೇ, ಆದರೆ ಅದೆಲ್ಲ ಚಿಕ್ಕಮಗಳೂರು, ಕೊಡಗು, ಹಾಸನದ ನೆರಳಿನ ತೋಟಗಳದ್ದು. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಬಿದ್ದರೆ ಹಬ್ಬ ಮಾಡುವ ಎರೆ ಹೊಲದಲ್ಲಿ ಅದು ಬೆಳೆಯುವುದಲ್ಲ. ಬಾಗಲಕೋಟೆಯ ನವನಗರದಲ್ಲೋ ಬಾದಾಮಿಯ ದೊಡ್ಡ ಹೊಟೇಲಿನಲ್ಲೋ ಕಾಫಿ ಸಿಕ್ಕೀತು. ಹಳ್ಳಿಯ ಅಂಗಡಿಯಲ್ಲಿ ಕೇಳಿದರೆ ಪ್ಯಾಕೆಟ್ಟಿನ ಪುಡಿಯನ್ನು ಕುದಿವ ಹಾಲಿಗೆ ಕಲಕಿ ಕೊಡುತ್ತಾರೆ, ಅದೂ ಪ್ಯಾಕೆಟ್ ಇದ್ದರೆ. ಹೀಗಾಗಿ ನಿಮಗೆ ಬೇಕಾದ ಕಾಫಿಯನ್ನು ನೀವೇ ತರಬೇಕು. ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜ ತಂದರೆಂಬ ಪ್ರತೀತಿಯನ್ನು ನಂಬುವುದಾದರೆ, ಈ ನಾಡಿಗೆ ಕಾಫಿ ಬಂದದ್ದೇ ಹೊತ್ತು ತಂದು.

ಚಹಾ ಕುಡಿದರೆ ಸಾಲದೇ ಎಂಬುದಕ್ಕೆ ರುಚಿಯ ಆಚೆಗೂ ಒಂದು ಉತ್ತರವಿದೆ. ದಿನಾ ಕಾಫಿ ಕುಡಿಯುವವರು ಏಕಾಏಕಿ ಬಿಟ್ಟರೆ ಕೊನೆಯ ಲೋಟದಿಂದ 12ರಿಂದ 24 ತಾಸಿನೊಳಗೆ ತಲೆನೋವು, ಜಡತೆ ಶುರುವಾಗುವುದು ವೈದ್ಯರು ಒಪ್ಪಿದ ಸಂಗತಿ. ನಮ್ಮ ಗಿಡ್ಡ ಕಪ್ಪಿನ ಚಹಾದಲ್ಲಿ ಕೆಫೀನ್ ಇದೆ ನಿಜ, ಆದರೆ ಅದು ಗಟ್ಟಿ ಕಾಫಿಯ ಅರ್ಧಕ್ಕೂ ಮುಟ್ಟುವುದು ಕಷ್ಟ. ಇನ್ನು ಸೈಕಲ್ಲಿಗೂ ಕೆಫೀನಿಗೂ ಇರುವ ನಂಟು ಬರೀ ಫ್ಯಾಶನ್ ಅಲ್ಲ. ಒಲಿಂಪಿಕ್ ಸಮಿತಿ ಒಂದು ಕಾಲಕ್ಕೆ ಕೆಫೀನನ್ನು ನಿರ್ಬಂಧಿತ ವಸ್ತುಗಳ ಪಟ್ಟಿಗೆ ಹಾಕಿ, ಮೂತ್ರದ ಒಂದು ಮಿಲಿಲೀಟರಿನಲ್ಲಿ 12 ಮೈಕ್ರೋಗ್ರಾಂ ದಾಟಿದರೆ ತಪ್ಪು ಎಂದು ಗೆರೆ ಎಳೆದಿತ್ತು. ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ 2004ರಲ್ಲಿ ಅದನ್ನು ಪಟ್ಟಿಯಿಂದ ತೆಗೆದು, ಬರೀ ನಿಗಾ ಇಡುವ ವಸ್ತುಗಳ ಜೊತೆ ಸೇರಿಸಿತು. ದೀರ್ಘ ದೂರದ ಸವಾರಿಯಲ್ಲಿ ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ ಕೆಫೀನ್ ಕೆಲಸಕ್ಕೆ ಬರುತ್ತದೆ ಎಂಬುದು ಕ್ರೀಡಾ ಪೋಷಣೆಯ ತಜ್ಞರ ಮಾತು. 60 ಕಿಲೋ ತೂಗುವವರಿಗೆ ಅದು 180ರಿಂದ 360 ಮಿಲಿಗ್ರಾಂ. ಮೇಲಿನ ತುದಿಗೆ ಹೋಗುವುದು ಪ್ರವಾಸ ಬಂದವರಿಗೆ ಬೇಕಿಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಒಂದೇ ಸಲಕ್ಕೆ 200 ಮಿಲಿಗ್ರಾಂ ತನಕ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಗೆರೆ ಅಲ್ಲಿಗಿರಲಿ.

ಕಾಫಿ ಕುಡಿದರೆ ಮೈಯ ನೀರು ಹೋಗುತ್ತದೆ, ಬಿಸಿಲು ಸೀಮೆಯಲ್ಲಿ ಅದು ಅಪಾಯ ಎನ್ನುವವರಿದ್ದಾರೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕಾಫಿ ರೂಢಿಯಿದ್ದ 50 ಗಂಡಸರನ್ನು ಪರೀಕ್ಷೆಗೆ ಒಳಪಡಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂಜಿಕೆಯನ್ನು ಬಹುಮಟ್ಟಿಗೆ ಕಳೆದಿದೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿದ ದಿನಗಳಿಗೂ ಅಷ್ಟೇ ನೀರು ಕುಡಿದ ದಿನಗಳಿಗೂ ದೇಹದ ನೀರಿನ ಲೆಕ್ಕದಲ್ಲಿ ಹೇಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಆದರೆ ಈ ಆಕ್ಷೇಪದ ಹಿಂದೆ ಒಂದು ನಿಜವಿದೆ, ಅದು ಮೂತ್ರಪಿಂಡದ್ದಲ್ಲ, ಬಾಟಲಿ ಇಡುವ ಜಾಗದ್ದು. ಫ್ರೇಮಿನಲ್ಲಿ ಇರುವುದೇ ಎರಡು ಬಾಟಲಿ ಹಿಡಿಕೆ. ಒಂದನ್ನು ಅರ್ಧ ಲೀಟರಿನ ಕಾಫಿ ಫ್ಲಾಸ್ಕು ಆಕ್ರಮಿಸಿದರೆ ನೀರಿಗೆ ಉಳಿಯುವುದು ಒಂದೇ. ಫೆಬ್ರುವರಿ ಕೊನೆಗೇ ಇಲ್ಲಿ ಮಧ್ಯಾಹ್ನದ ಬಿಸಿಲು ರಣ ಎನ್ನಿಸುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ, ಮತ್ತು ಎರಡು ಊರುಗಳ ನಡುವಿನ ಎರೆ ಬಯಲಿನಲ್ಲಿ ನೆರಳಿಗೆ ಒಂದು ಜಾಲಿ ಗಿಡ ಸಿಕ್ಕರೆ ಪುಣ್ಯ. ಕಾಫಿ ಮೈಯ ನೀರನ್ನು ಕುಡಿಯುವುದಿಲ್ಲ, ನೀರಿನ ಬಾಟಲಿಯ ಜಾಗವನ್ನು ತಿನ್ನುತ್ತದೆ.

ಇನ್ನು ಹಾಲಿನ ವಿಷಯಕ್ಕೆ ಬರೋಣ, ವಾದದ ಗಂಟಿರುವುದು ಇಲ್ಲಿಯೇ. ಹಾಲು ಕೆಡಿಸುವ ಜೀವಾಣುಗಳು 5ರಿಂದ 60 ಡಿಗ್ರಿಯ ನಡುವೆ ಸರಾಗವಾಗಿ ಬೆಳೆಯುತ್ತವೆ. ಈ ನಡುವಿನ ಶಾಖದಲ್ಲಿ ಹಾಲಿನ ಪದಾರ್ಥವನ್ನು ಎರಡು ತಾಸಿಗಿಂತ ಹೆಚ್ಚು ಇಡಬೇಡಿ, ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು ಎಂಬುದು ಆಹಾರ ಸುರಕ್ಷತೆಯವರ ಸಾಮಾನ್ಯ ನಿಯಮ. ಫ್ಲಾಸ್ಕು ಇರುವುದೇ ಅದಕ್ಕಲ್ಲವೇ, ಅದರೊಳಗೆ ಕಾಫಿ 60ರ ಮೇಲೆಯೇ ಇರುತ್ತದೆ ಎಂದು ನೀವು ಹೇಳುತ್ತೀರಿ. ಬೆಳಗಿನ ಮೊದಲ ಕೆಲವು ತಾಸಿನ ಮಟ್ಟಿಗೆ ಮಾತು ಸರಿ. 1892ರಲ್ಲಿ ಜೇಮ್ಸ್ ಡ್ಯೂವರ್ ರೂಪಿಸಿದ ಪಾತ್ರೆಯ ಯುಕ್ತಿ ಇವತ್ತಿಗೂ ಅದೇ: ಎರಡು ಗೋಡೆಗಳ ನಡುವಿನ ಗಾಳಿ ತೆಗೆದರೆ ಶಾಖ ಹಾಯಲು ದಾರಿಯಿಲ್ಲ. ಆದರೆ ಬಾಯಿಯ ಹತ್ತಿರ ಆ ನಿರ್ವಾತವಿಲ್ಲ, ಶಾಖ ಸೋರುವುದು ಮುಚ್ಚಳದಿಂದ. ನೀವು ಪಟ್ಟದಕಲ್ಲಿನಲ್ಲಿ ಒಮ್ಮೆ ತೆರೆದು ಅರ್ಧ ಕುಡಿಯುತ್ತೀರಿ, ಉಳಿದ ಜಾಗಕ್ಕೆ ಗಾಳಿ ತುಂಬುತ್ತದೆ. ಐಹೊಳೆಯಲ್ಲಿ ಇನ್ನೊಮ್ಮೆ ತೆರೆಯುತ್ತೀರಿ. ಉಳಿದ ಒಂದು ಲೋಟ ಕಾಫಿ ತುಂಬಿದ ಫ್ಲಾಸ್ಕಿಗಿಂತ ಬಹಳ ಬೇಗ ಆರುತ್ತದೆ, ಮತ್ತು ಹಾಗೆ ಆರಿದ ಮೇಲೆ ಅದೇ ಫ್ಲಾಸ್ಕು ಉಗುರುಬೆಚ್ಚಗಿನ ಶಾಖವನ್ನು ತಾಸುಗಟ್ಟಲೆ ಕಾಯ್ದು ಜೀವಾಣುಗಳಿಗೆ ಹಾಸಿ ಕೊಡುತ್ತದೆ. ಮೊಸರಿಗೆ ಹೆಪ್ಪು ಹಾಕಿ ಬೆಚ್ಚಗಿಡುವುದಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ. ಐಹೊಳೆ ದಾಟಿದ ಮೇಲಿನ ಆ ಕೊನೆಯ ಲೋಟದಿಂದ ಹೊಟ್ಟೆ ಕೆಟ್ಟರೆ, ಸೈಕಲ್ ಮೇಲೆ ಕೂತವರ ಪಾಡು ವರ್ಣಿಸಬೇಕಿಲ್ಲ. ಅದು ಬಿಡಿ, ರುಚಿಯ ಲೆಕ್ಕದಲ್ಲೂ ಇದು ನಷ್ಟ. ಬಿಸಿಯಲ್ಲೇ ಉಳಿದ ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲ ಒಡೆದು ಹುಳಿಯೂ ಒಗರೂ ಏರುತ್ತವೆ, ಹಾಲಿಗೆ ಕಾಯಿಸಿದ ವಾಸನೆ ಬರುತ್ತದೆ, ಕೆನೆ ಮುಚ್ಚಳದ ರಬ್ಬರಿಗೆ ಅಂಟಿ ಮರುದಿನಕ್ಕೂ ನಾರುತ್ತದೆ. ಚಿಕ್ಕಮಗಳೂರಿನ ಒಳ್ಳೆಯ ಬೀಜವನ್ನು ಹುಡುಕಿ ತಂದು, ಹುರಿಸಿ, ಪುಡಿ ಮಾಡಿಸಿ, ಕೊನೆಗೆ ಹೀಗೆ ಕುಡಿಯುವುದು ಕಾಫಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಡಿಕಾಕ್ಷನ್‌ಗೆ ಈ ಯಾವ ರೋಗವೂ ಇಲ್ಲ. ರಾತ್ರಿ ಫಿಲ್ಟರಿಗೆ ಹಾಕಿ, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಅದನ್ನೇ ಬಳಸುವ ಮನೆಗಳು ದಕ್ಷಿಣದಲ್ಲಿ ಲಕ್ಷಗಟ್ಟಲೆ ಇವೆ. ಹಾಲು ಸಕ್ಕರೆ ಬೀಳದ ಡಿಕಾಕ್ಷನ್ ಒಂದು ಹಗಲು ತಡೆಯುತ್ತದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಅದನ್ನು ಬಿಸಿಯಾಗಿ ಇಡುವ ಅಗತ್ಯವೂ ಇಲ್ಲ, ಶಾಖ ಕೊಡುವುದು ಹಾಲಿನ ಕೆಲಸ. ಲೆಕ್ಕ ಹೀಗೆ: 30 ಗ್ರಾಂ ಪುಡಿಯಿಂದ ಸುಮಾರು 150 ಮಿಲಿಲೀಟರ್ ಗಟ್ಟಿ ಡಿಕಾಕ್ಷನ್ ಇಳಿಸಿದರೆ ಮೂರು ಲೋಟಕ್ಕೆ ಸಾಕು. ಅರೇಬಿಕಾದಲ್ಲಿ ಕೆಫೀನ್ ನೂರಕ್ಕೆ 1.2ರಷ್ಟು, ರೊಬಸ್ಟಾದಲ್ಲಿ 2.2ರಷ್ಟು. ಎರಡನ್ನೂ ಸಮ ಬೆರೆಸಿ, ನೂರಕ್ಕೆ 20 ಚಿಕೋರಿ ಹಾಕಿದ ಪುಡಿಯಾದರೆ 30 ಗ್ರಾಂನಲ್ಲಿ ಇರುವ ಕಾಫಿ 24 ಗ್ರಾಂ, ಅದರ ಕೆಫೀನ್ 400 ಮಿಲಿಗ್ರಾಂ ಸಮೀಪ. ಅದರಲ್ಲಿ ಹೆಚ್ಚಿನ ಪಾಲು ಡಿಕಾಕ್ಷನ್ನಿಗೆ ಇಳಿದರೂ ಲೋಟಕ್ಕೆ 130 ದಾಟದು. ಮೇಲೆ ಹೇಳಿದ ಗೆರೆಯೊಳಗೇ ಇಡೀ ದಿನ ಮುಗಿಯಿತು. ಪ್ಯಾಕೆಟ್ಟಿನ ಹಿಂದಿನ ಅಕ್ಷರವನ್ನು ಮಾತ್ರ ಓದಿ. ಕಾಯ್ದೆ ಚಿಕೋರಿಯನ್ನು ನೂರಕ್ಕೆ 49ರ ತನಕ ಒಪ್ಪುತ್ತದೆ, ಚಿಕೋರಿಯಲ್ಲಿ ಕೆಫೀನೇ ಇಲ್ಲ. ಬಣ್ಣ ಕಪ್ಪಗಿದೆ ಎಂದು ಗಟ್ಟಿ ಕಾಫಿ ಎಂದುಕೊಂಡರೆ ಮೋಸ ಹೋಗುವಿರಿ. ಈ 150 ಮಿಲಿಲೀಟರಿಗೆ ಫ್ಲಾಸ್ಕು ಬೇಡ, ಅಂಗೈಯಲ್ಲಿ ಹಿಡಿಯುವ ಒಂದು ಸಣ್ಣ ಸ್ಟೀಲ್ ಬಾಟಲಿ ಸಾಕು. ಕಂಠದ ತನಕ ತುಂಬಿ, ಒಳಗೆ ಗಾಳಿ ಉಳಿಯದಿದ್ದರೆ ಕುಲುಕುವುದೂ ಇಲ್ಲ, ಕಮಟುವುದೂ ತಡ. ಹ್ಯಾಂಡಲ್ಲಿನ ಚೀಲದಲ್ಲೋ ಸೀಟಿನ ಹಿಂದಿನ ಚೀಲದಲ್ಲೋ ಅದು ಕೂಡುತ್ತದೆ, ಎರಡೂ ಹಿಡಿಕೆ ನೀರಿಗೆ ಸಿಗುತ್ತವೆ. ಬೇಸಿಗೆ ಹತ್ತಿರವಾದಾಗ ಬಾಟಲಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಗಾಳಿ ತಾಗುವಂತೆ ಚೀಲದ ಹೊರಗೆ ಕಟ್ಟಿ. ಮಂಗಳೂರಿನ ಒದ್ದೆ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಇಲ್ಲಿಯ ಒಣ ಗಾಳಿಗೆ ಬಟ್ಟೆಯ ನೀರು ಆರುವಷ್ಟು ಹೊತ್ತೂ ಒಳಗೆ ತಂಪು.

ಇನ್‌ಸ್ಟಂಟ್ ಪುಡಿ ಇದಕ್ಕಿಂತ ಹಗುರವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಗುರ ನಿಜ, ಕೆಡುವುದೂ ಇಲ್ಲ. 600 ಕಿಲೋಮೀಟರನ್ನು 40 ತಾಸಿನಲ್ಲಿ ಮುಗಿಸಬೇಕಾದ, ಬ್ರೆವೆ ಎಂಬ ದೂರದ ಸವಾರಿಯವರಿಗೆ ಡಿಕಾಕ್ಷನ್ನಿನ ಪಾಠ ಹೇಳುವಷ್ಟು ನಿಷ್ಠುರ ನಾನಲ್ಲ. ಅವರು ಪುಡಿಯನ್ನೇ ತರಲಿ. ಆದರೆ ಒಂದೊಂದು ಕಪ್ಪಿಗೆ ಒಂದೊಂದು ಹೊಳೆಯುವ ಚೀಟಿ ಹರಿದು ಬಿಸಾಡುವ ಬದಲು ಒಂದು ಡಬ್ಬಿಯಲ್ಲಿ ತರಲಿ. ಆ ಚೀಟಿ ಗಾಳಿಗೆ ಹಾರಿ ಹೋಗಿ ಬೀಳುವುದು ಯಾರದೋ ಕಡಲೆ ಹೊಲದಲ್ಲಿ, ಅದನ್ನು ಆರಿಸುವವರು ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು. ಇನ್ನೊಂದು ಗುಂಪು ಗ್ಯಾಸಿನ ಪುಟ್ಟ ಒಲೆ, ಗ್ರೈಂಡರು ಎಲ್ಲ ಹೊತ್ತು ತಂದು ಹಾದಿಯ ಪಕ್ಕ ಕಾಫಿ ಮಾಡುವವರದು. ಹೊರದೇಶಗಳಲ್ಲಿ ಇದಕ್ಕೆ ದೊಡ್ಡ ಅಭಿಮಾನಿ ಬಳಗವಿದೆ, ಚಿತ್ರಗಳೂ ಚೆಂದ. ಅಲ್ಲಿಯ ಹಸಿರು ಕಾಡಿನ ಅಂಚಿಗೆ ಒಗ್ಗುವುದು ಇಲ್ಲಿಗೆ ಒಗ್ಗುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಜನವರಿಯಿಂದ ಮುಂದೆ ನಮ್ಮಲ್ಲಿ ಬದುವಿನ ಹುಲ್ಲು ಒಣಗಿ ನಿಂತಿರುತ್ತದೆ, ಜೋಳದ ಕಣಿಕೆ ಬಣವೆ ಒಟ್ಟಿರುತ್ತಾರೆ, ಬಯಲಿನಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ. ಒಂದು ಕಿಡಿ ಹಾರಿದರೆ ಒಬ್ಬ ರೈತನ ದನಗಳ ವರ್ಷದ ಮೇವು ಹೋಯಿತು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸಂರಕ್ಷಿತ ಸ್ಮಾರಕಗಳ ಒಳಗಂತೂ, ಅದಕ್ಕೆಂದು ಬಿಟ್ಟ ಜಾಗದಲ್ಲಲ್ಲದೆ ಅಡುಗೆ ಮಾಡುವುದನ್ನು ಪುರಾತತ್ವದ ನಿಯಮವೇ ತಡೆಯುತ್ತದೆ. ಅಂಗಡಿಯಲ್ಲಿ ಉರಿಯುತ್ತಿರುವ ಒಲೆ ಮುಂಜಾನೆಯಿಂದ ಸಂಜೆಯ ತನಕ ಆರುವುದೇ ಇಲ್ಲ. ಅದನ್ನು ಬಿಟ್ಟು ಇನ್ನೊಂದು ಒಲೆ ಹೊತ್ತು ತರುವುದರಲ್ಲಿ ಅರ್ಥವೇನು?

ಆ ಅಂಗಡಿಯ ಮಾತಿಗೇ ಬರುತ್ತೇನೆ. ನಿಮ್ಮ ಡಿಕಾಕ್ಷನ್ ಹೊರತೆಗೆದರೆ ಅಂಗಡಿಯವರಿಗೆ ಅವಮಾನ ಆಗುವುದಿಲ್ಲವೇ ಎಂಬ ಸಂಕೋಚ ನಿಮ್ಮಲ್ಲಿ ಕೆಲವರಿಗಿದೆ. ತುಂಬಿದ ಫ್ಲಾಸ್ಕು ತಂದು, ಏನೂ ಕೊಳ್ಳದೆ ಅವರ ಬೆಂಚಿನ ಮೇಲೆ ಕೂತು, ಅವರ ಕೊಡದ ನೀರಿನಲ್ಲಿ ಬಾಟಲಿ ತುಂಬಿಕೊಂಡು ಹೋಗುವುದಕ್ಕಿಂತ ಅದು ಎಷ್ಟೋ ಮೇಲು. ಹಾಲು ಅವರ ಸರಕು, ಕೊಂಡರೆ ವ್ಯಾಪಾರ. ನಮ್ಮ ಕಡೆ ಎಮ್ಮೆ ಹಾಲು ಬಹಳ. ಅದರ ಜಿಡ್ಡು ರೊಬಸ್ಟಾದ ಕಹಿಯನ್ನು ತಡೆದುಕೊಳ್ಳುತ್ತದೆ, ಗಟ್ಟಿ ಡಿಕಾಕ್ಷನ್ನಿಗೆ ಅದಕ್ಕಿಂತ ಒಳ್ಳೆಯ ಜೋಡಿ ನಗರದ ಪ್ಯಾಕೆಟ್ ಹಾಲಿನಲ್ಲಿ ಸಿಗುವುದಿಲ್ಲ. “ಅಣ್ಣಾರ, ಒಂದು ಲೋಟ ಬಿಸಿ ಹಾಲು ಕೊಡ್ರಿ, ಸಕ್ಕರಿ ಬ್ಯಾಡ್ರಿ” ಎಂದರೆ ಮುಗಿಯಿತು. ಹೆಣ್ಣುಮಕ್ಕಳು ನಡೆಸುವ ಅಂಗಡಿಯಾದರೆ ‘ಅಕ್ಕಾರ’. ಒಂದು ತೊಡಕು ಮಾತ್ರ ಇದೆ. ಸಣ್ಣ ಅಂಗಡಿಯ ಹಾಲು ಆ ದಿನದ ಚಹಾಕ್ಕೆ ಲೆಕ್ಕ ಹಾಕಿ ತಂದದ್ದು. ಹನ್ನೆರಡು ಜನರ ಗುಂಪು ಒಮ್ಮೆಲೇ ಲೋಟಗಟ್ಟಲೆ ಹಾಲು ಕೇಳಿದರೆ ಸಂಜೆಯ ಗಿರಾಕಿಗೆ ಚಹಾ ಇರುವುದಿಲ್ಲ. ಗುಂಪು ದೊಡ್ಡದಿದ್ದರೆ ಅಮೀನಗಡ, ಹುನಗುಂದದಂಥ ಊರಿನಲ್ಲಿ ನಿಲ್ಲಿ, ಇಲ್ಲವೇ ಅರ್ಧ ಜನ ಚಹಾ ಕುಡಿಯಿರಿ. ಇಲ್ಲಿಯ ಚಹಾ ಕುಡಿಯದೆ ಹೋದರೆ ನಷ್ಟ ನಿಮ್ಮದೇ. ಜೊತೆಗೆ ಬಿಸಿ ಮಿರ್ಚಿ ಭಜಿಯೋ, ಅಮೀನಗಡದಲ್ಲಾದರೆ ಕರದಂಟೋ ಕೊಂಡರೆ ಅಂಗಡಿಯವರಿಗೂ ಬರಕತ್ತು. ಅಂಟು, ಬೆಲ್ಲ, ಒಣಹಣ್ಣಿನ ಆ ಕರದಂಟಿನ ಮುಂದೆ ಹೊರದೇಶದ ಎನರ್ಜಿ ಬಾರ್‌ಗಳು ನನಗಂತೂ ಸಪ್ಪೆ. ಲೋಟವನ್ನು ಮಾತ್ರ ನೀವೇ ತನ್ನಿ. ಕಾಗದದ ಕಪ್ಪಿನ ಒಳಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಇರುತ್ತದೆ. 100 ಮಿಲಿಲೀಟರ್ ಬಿಸಿ ದ್ರವ ಅದರಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಕಣಗಳು ಬಿಡುತ್ತವೆ ಎಂದು ಖರಗಪುರದ ಐಐಟಿಯವರು 2020ರ ಸುಮಾರಿಗೆ ಅಳೆದು ತೋರಿಸಿದ್ದಾರೆ.

ಇಲ್ಲಿ ಒಂದು ಮಾತು ವಿಷಯದಿಂದ ತುಸು ಆಚೆಗೆ. ಕಾಫಿ ಮತ್ತು ಸೈಕಲ್ ರೇಸಿನ ನಂಟು ಜಗತ್ತಿನಲ್ಲಿ ಹಳೆಯದು. ಎಡ್ಡಿ ಮರ್ಕ್ಸ್ 1969ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದಾಗ ಅವರ ತಂಡದ ಅಂಗಿಯ ಮೇಲಿದ್ದದ್ದು ಫಾಯೆಮಾ ಎಂಬ ಇಟಲಿಯ ಕಾಫಿ ಯಂತ್ರದ ಕಂಪನಿಯ ಹೆಸರು. ಕೊಲಂಬಿಯಾದಲ್ಲಿ ಕಾಫಿ ಬೆಳೆಗಾರರ ಒಕ್ಕೂಟವೇ ತಂಡಕ್ಕೆ ಹಣ ಹಾಕಿತು. ಲೂಚೊ ಹೆರೆರಾ ಆ ತಂಡದ ಅಂಗಿ ತೊಟ್ಟು 1987ರಲ್ಲಿ ಸ್ಪೇನಿನ ವುಲ್ಟಾ ರೇಸು ಗೆದ್ದರು. ಕರ್ನಾಟಕದಲ್ಲಿ ಎರಡೂ ಇವೆ, ಆದರೆ ಬೇರೆ ಬೇರೆ ತುದಿಯಲ್ಲಿ. ಕಾಫಿ ಮಲೆನಾಡಿನದು. ರಾಷ್ಟ್ರಮಟ್ಟದಲ್ಲಿ ರಾಜ್ಯಕ್ಕೆ ಪದಕ ತರುವ ಸೈಕಲ್ ಹುಡುಗ ಹುಡುಗಿಯರಲ್ಲಿ ದೊಡ್ಡ ಪಾಲು ವಿಜಯಪುರ, ಬಾಗಲಕೋಟೆ ಸೀಮೆಯವರು. ಬಹುತೇಕ ಒಕ್ಕಲು ಮನೆಗಳ ಮಕ್ಕಳು, ಬೆಳಗಿನ ಜಾವ ಹೆದ್ದಾರಿಯ ಅಂಚಿನಲ್ಲೇ ತಾಲೀಮು ಮಾಡುವವರು. ಇವರನ್ನು ಮಲೆನಾಡಿನ ಕಾಫಿ ಇನ್ನೂ ಕಂಡಿಲ್ಲ. ನೀವಾದರೂ ದಾರಿಯಲ್ಲಿ ಕಂಡಾಗ ಬದಿಗೆ ಸರಿದು ಹಾದಿ ಬಿಡಿ, ಅವರ ವೇಗಕ್ಕೆ ನೀವು ಸಿಗುವುದಿಲ್ಲ.

ಬರುವುದಾದರೆ ನವೆಂಬರಿನಿಂದ ಫೆಬ್ರುವರಿ ಮಧ್ಯದೊಳಗೆ ಬನ್ನಿ. ಬನದ ಹುಣ್ಣಿಮೆಯ ಆಸುಪಾಸು ಬನಶಂಕರಿ ಜಾತ್ರೆಗೆ ಬಾದಾಮಿಯ ರಸ್ತೆಗಳು ಕಿಕ್ಕಿರಿಯುತ್ತವೆ, ಆ ವಾರ ಬಿಡಿ. ಅದೇ ತಿಂಗಳುಗಳಲ್ಲಿ ಕಬ್ಬಿನ ಹಂಗಾಮು ಇರುತ್ತದೆ. ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರುಗಳು ಕತ್ತಲಲ್ಲಿ ಹಿಂದೆ ದೀಪವಿಲ್ಲದೆ ಸಾಗುತ್ತವೆ, ಎಷ್ಟು ಗಟ್ಟಿ ಕಾಫಿ ಕುಡಿದರೂ ಅವು ಕಣ್ಣಿಗೆ ಬೀಳುವುದಿಲ್ಲ. ಹೊತ್ತು ಮುಳುಗುವ ಮುಂಚೆ ಊರು ಸೇರಿ. ಚೀಲದಲ್ಲಿ ಡಿಕಾಕ್ಷನ್ನಿನ ಬಾಟಲಿ, ಒಂದು ಸ್ಟೀಲ್ ಲೋಟ, ಚಿಲ್ಲರೆ ಹಣ ಇರಲಿ. ಹಾಲಿಗೆ ಅಂಗಡಿಯವರು ಹೇಳಿದ ರೇಟು ಕೊಡಿ, ಚೌಕಾಸಿ ಮಾಡಬೇಡಿ.

ಇಂತಿ,
ಬೇವೂರಿನಿಂದ ನಿಮ್ಮವ